ದೀರ್ಘ ಪಯಣಕ್ಕೆ ಮುಂಚೆ ಬೆಟ್ಟದಲ್ಲಿ ಒಂದು ದಿವಸ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಈ ನಾಲ್ಕು ತಾಲ್ಲೂಕುಗಳ ಜನರಿಗೆ ನಡಿಗೆಯು ಹೊಸದಲ್ಲ. ಮೋಟಾರು ಬಸ್ಸು ಬರುವದಕ್ಕೆ ಮುಂಚೆ ನಮ್ಮ ಹಿರಿಯರು ಸಂತೆಗೂ ಜಾತ್ರೆಗೂ ಕೂಲಿಗೂ ಕಾಲ್ನಡೆಯಾಗಿಯೇ ಹೋಗಿ ಬರುತ್ತಿದ್ದರು. ಈಗಲೂ ಶಿವರಾತ್ರಿಯು ಸಮೀಪಿಸಿದಾಗ ನಮ್ಮ ನೆರೆಹೊರೆಯವರು ಧರ್ಮಸ್ಥಳಕ್ಕೂ ಮಲೆ ಮಹದೇಶ್ವರ ಬೆಟ್ಟಕ್ಕೂ ಗುಂಪುಗುಂಪಾಗಿ ನಡೆದು ಹೋಗುವದನ್ನು ಕಾಣುತ್ತೇವೆ. ನಮ್ಮ ಸಭೆಗಳ ಯೌವನಸ್ಥರಲ್ಲಿಯೂ ಅನೇಕ ದಿವಸಗಳ ನಡಿಗೆಯನ್ನು ಕೈಕೊಳ್ಳಬೇಕೆಂಬ ಆಶೆಯು ಹುಟ್ಟುವದುಂಟು. ಆಶೆಯು ಒಳ್ಳೆಯದೇ. ಆದರೆ ಬುರುಜನ್ನು ಕಟ್ಟಲಿಚ್ಛಿಸುವವನು ಮೊದಲು ಕೂತುಕೊಂಡು ಖರ್ಚನ್ನು ಎಣಿಸಬೇಕೆಂಬ ಸಾಮ್ಯವನ್ನು ನಾವೆಲ್ಲರೂ ಕೇಳಿದ್ದೇವಷ್ಟೆ. ನಡೆಯುವವನು ಎಣಿಸಬೇಕಾದದ್ದು ಹಣವನ್ನಲ್ಲ, ತನ್ನ ಕಾಲುಗಳ ಶಕ್ತಿಯನ್ನು.

ಈ ಪಾಠದಲ್ಲಿ ನಾವು ಕಲಿಯತಕ್ಕದ್ದು ಮುಖ್ಯವಾಗಿ ಒಂದೇ ಸಂಗತಿ. ಏನಂದರೆ, ದೂರದ ನಡಿಗೆಗೆ ಹೊರಡುವವನು ಅದಕ್ಕೆ ಎರಡು ಮೂರು ವಾರ ಮುಂಚಿತವಾಗಿ ಒಂದು ಪೂರ್ಣ ದಿವಸ ಬೆಟ್ಟವನ್ನು ಹತ್ತಿ ಇಳಿದು ತನ್ನನ್ನು ಪರೀಕ್ಷಿಸಿಕೊಳ್ಳಬೇಕು. ಆ ಪರೀಕ್ಷೆಯಲ್ಲಿ ಹತ್ತುವದಕ್ಕಿಂತ ಇಳಿಯುವದೇ ಮುಖ್ಯ.

೧. ಹೊಲದ ಕಾಲು, ಬೆಟ್ಟದ ಕಾಲು

“ಬೆಳಗಿನಿಂದ ಬೈಗಿನ ವರೆಗೆ ಹೊಲದಲ್ಲಿ ದುಡಿಯುವ ನಮಗೆ ಇನ್ನು ಯಾವ ಅಭ್ಯಾಸ ಬೇಕು?” ಎಂದು ಕೆಲವರು ಕೇಳುವರು. ಕೃಷ್ಣರಾಜನಗರದ ಭತ್ತದ ಗದ್ದೆಗಳಲ್ಲಿ ನಾಟಿ ಮಾಡಿದವನ ಬೆನ್ನಾಗಲಿ, ಹುಣಸೂರು ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪನ್ನು ಮುರಿದು ಬ್ಯಾರನ್ನಿಗೆ ಹೊತ್ತವನ ಹೆಗಲಾಗಲಿ ಬಲಹೀನವಲ್ಲ, ನಿಜ. ಆದರೂ ಗದ್ದೆಯ ಬದುವೂ ನಾಲೆಯ ಏರಿಯೂ ಬಹುಮಟ್ಟಿಗೆ ಸಮನಾದ ನೆಲ. ಅಲ್ಲಿ ಬೆಳೆದ ಕಾಲು ಸಮನೆಲವನ್ನು ಬಲ್ಲದು; ಕಡಿದಾದ ಇಳಿಜಾರನ್ನು ಬಲ್ಲದೆಂದು ಹೇಳಲಾಗದು.

ನಮ್ಮ ಸೀಮೆಯಿಂದ ಪಡುವಣಕ್ಕೆ ಹೋಗುವ ದಾರಿಯನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳ ಮಾರ್ಗವಾಗಿ ಮಡಿಕೇರಿಗೂ, ಅಲ್ಲಿಂದ ಸಂಪಾಜೆ, ಸುಳ್ಯ, ಪುತ್ತೂರುಗಳ ಮೇಲೆ ಮಂಗಳೂರಿಗೂ ಹೋಗುವ ಹೆದ್ದಾರಿಯು ಪಶ್ಚಿಮ ಘಟ್ಟವನ್ನು ದಾಟುತ್ತದೆ. ಮಡಿಕೇರಿಯು ಸಮುದ್ರಮಟ್ಟದಿಂದ ಸುಮಾರು ೩,೮೦೦ ಅಡಿ ಎತ್ತರದಲ್ಲಿದೆ. ಅಲ್ಲಿಂದ ಘಟ್ಟದ ಬುಡದ ಸಂಪಾಜೆಗೆ ಬರುವಷ್ಟರಲ್ಲಿ, ಅಂದರೆ ಒಂದು ದೊಡ್ಡ ದಿವಸದ ನಡಿಗೆಯೊಳಗೆ, ದಾರಿಯು ಮೂರು ಸಾವಿರ ಅಡಿಯಷ್ಟು ಇಳಿದು ಬಿಡುತ್ತದೆ. ಹುಣಸೂರಿನಿಂದ ಮಡಿಕೇರಿಯ ವರೆಗೆ ಸುಖವಾಗಿ ನಡೆದವನು ಇಲ್ಲಿ ಮೊದಲನೆಯ ಸಾರಿ ಘಟ್ಟವಿಳಿದು, ಮರುದಿವಸ ಬೆಳಿಗ್ಗೆ ಎದ್ದು ನಿಲ್ಲಲಾರದೆ ಹೋದರೆ ಆಶ್ಚರ್ಯವೇನೂ ಇಲ್ಲ.

ಹೋರಿಯನ್ನು ಪಳಗಿಸುವ ರೈತನಿಗೆ ಈ ವಿಷಯವನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ಎಳೆಯ ಹೋರಿಗೆ ನೊಗ ಹೂಡಿದ ದಿನವೇ ಯಾರೂ ತುಂಬಿದ ಗಾಡಿಯನ್ನು ಎಳೆಸುವದಿಲ್ಲ. ಮೊದಲು ಪಳಗಿದ ಎತ್ತಿನ ಜೊತೆಯಲ್ಲಿ ಕಟ್ಟಿ, ಕೊರಡನ್ನು ಎಳೆಸಿ, ಆಮೇಲೆ ಬರಿಯ ಗಾಡಿಗೆ ಹೂಡಿ, ಕಡೆಯಲ್ಲಿ ಹೇರನ್ನು ಏರಿಸುವರು. ಲಾಳ ಹೊಡೆಸಿದ ದಿನವೇ ಎತ್ತನ್ನು ಚುಂಚನಕಟ್ಟೆಯ ಜಾತ್ರೆಗೆ ಹೊರಡಿಸುವದೂ ಇಲ್ಲ. ನಮ್ಮ ಹುಣಸೂರು ಒಂದು ಕಾಲದಲ್ಲಿ ಅಮೃತಮಹಲ್ ದನಗಳಿಗೆ ಹೆಸರಾಗಿತ್ತು. ೧೮೬೦ರಲ್ಲಿ ಸರಕಾರವು ಆ ಮಂದೆಗಳನ್ನು ಮಾರಿಬಿಟ್ಟು, ಅದರಿಂದಾದ ನಷ್ಟವನ್ನು ಕಂಡು ೧೮೬೬ರಲ್ಲಿ ಇಲಾಖೆಯನ್ನು ಮತ್ತೆ ಸ್ಥಾಪಿಸಿತು. ಹೈದರಾಲಿಯ ಸೈನ್ಯವು ಈ ಎತ್ತುಗಳ ಬಲದಿಂದ ಚಿದಂಬರದ ಕಡೆಗೆ ಎರಡೂವರೆ ದಿವಸಗಳಲ್ಲಿ ನೂರು ಮೈಲು ನಡೆಯಿತೆಂದು ಹಳೆಯ ಮೈಸೂರು ಗ್ಯಾಸೆಟಿಯರಿನಲ್ಲಿ ಬರೆದಿದೆ. ಅಂಥಾ ಎತ್ತುಗಳನ್ನು ಕೂಡ ಎಳೆತನದಲ್ಲಿ ಫಿರಂಗಿಗೆ ಕಟ್ಟಲಿಲ್ಲ. ವರುಷಗಟ್ಟಲೆ ಬೆಳೆಸಿ ಪಳಗಿಸಿದ ಮೇಲೆಯೇ ದಂಡಿನ ಕೆಲಸಕ್ಕೆ ತೆಗೆದುಕೊಂಡರು. ದನಕ್ಕೆ ತೋರಿಸುವ ಈ ವಿವೇಕವನ್ನು ನಮ್ಮ ಸ್ವಂತ ದೇಹಕ್ಕೆ ತೋರಿಸದೆ ಇರುವದು ನ್ಯಾಯವೋ?

೨. ಇಳಿತದ ಗುಟ್ಟು

ಹತ್ತುವಾಗ ಉಸಿರು ಕಟ್ಟುತ್ತದೆ, ಎದೆ ಬಡಿಯುತ್ತದೆ, ಬೆವರು ಸುರಿಯುತ್ತದೆ. ಆದಕಾರಣ ಹತ್ತುವದೇ ಕಷ್ಟವೆಂದೂ ಇಳಿಯುವದು ವಿಶ್ರಾಂತಿಯೆಂದೂ ಎಲ್ಲರೂ ಎಣಿಸುತ್ತಾರೆ. ಉಸಿರಿನ ಮಟ್ಟಿಗೆ ಇದು ಸರಿ. ತೊಡೆಯ ಮಟ್ಟಿಗೆ ಸರಿಯಲ್ಲ.

ಹೇಗಂದರೆ, ಬಾವಿಯಿಂದ ನೀರು ಸೇದುವವನನ್ನು ನೋಡಿರಿ. ತುಂಬಿದ ಕೊಡವನ್ನು ಮೇಲಕ್ಕೆ ಎಳೆಯುವಾಗ ಅವನು ದಣಿಯುತ್ತಾನೆ. ಅದೇ ಕೊಡವನ್ನು ಒಡೆಯದ ಹಾಗೆ ಮೆಲ್ಲಮೆಲ್ಲಗೆ ಕೆಳಗೆ ಇಳಿಸಬೇಕಾದರೆ ಅಷ್ಟು ದಣಿವಾಗದು. ಆದರೆ ಜಾರುವ ಹಗ್ಗವು ಅಂಗೈಯನ್ನು ಉಜ್ಜಿ ಗಾಯ ಮಾಡುತ್ತದೆ. ನಮ್ಮ ತೊಡೆಯ ಮಾಂಸಖಂಡವೂ ಹೀಗೆಯೇ. ಹತ್ತುವಾಗ ಅದು ಕುಗ್ಗುತ್ತಾ ದೇಹವನ್ನು ಎತ್ತುತ್ತದೆ. ಇಳಿಯುವಾಗಲಾದರೋ ದೇಹದ ಭಾರವು ಅದನ್ನು ಉದ್ದಕ್ಕೆ ಎಳೆಯುತ್ತಿರುವಾಗಲೇ ಅದು ಬಿಗಿ ಹಿಡಿದು ತಡೆಯಬೇಕು. ಹೀಗೆ ಎಳೆಯಲ್ಪಡುತ್ತಾ ತಡೆಯುವದರಿಂದ ಮಾಂಸಖಂಡದ ಸೂಕ್ಷ್ಮವಾದ ಎಳೆಗಳಿಗೆ ಅಲ್ಲಲ್ಲಿ ಪೆಟ್ಟು ಬೀಳುತ್ತದೆ.

ಈ ಪೆಟ್ಟು ಆ ದಿವಸ ತಿಳಿಯುವದಿಲ್ಲ. ಸಾಯಂಕಾಲ ಮನೆಗೆ ಬಂದವನು “ನನಗೇನೂ ಆಗಲಿಲ್ಲ” ಎಂದು ಹೇಳಿ ಸಂತೋಷದಿಂದ ಮಲಗುವನು. ಮರುದಿವಸ ನೋವು ಮೊದಲಾಗಿ, ಎರಡನೆಯ ಅಥವಾ ಮೂರನೆಯ ದಿವಸದಲ್ಲಿ ಹೆಚ್ಚಾಗುತ್ತದೆ. ಕುಕ್ಕರಗಾಲಿನಲ್ಲಿ ಕೂರುವದೂ ಜಗಲಿಯಿಂದ ಅಂಗಳಕ್ಕೆ ಇಳಿಯುವದೂ ಕಷ್ಟವಾಗುತ್ತದೆ. ಆಮೇಲೆ ಒಂದು ವಾರದೊಳಗೆ ತಾನಾಗಿಯೇ ವಾಸಿಯಾಗುತ್ತದೆ.

ಇನ್ನು ಈ ಪಾಠದ ತಿರುಳನ್ನು ಗಮನಿಸಿರಿ. ಹೀಗೆ ಒಂದು ಸಲ ಪೆಟ್ಟು ತಿಂದು ವಾಸಿಯಾದ ಮಾಂಸಖಂಡವು ಮುಂದಿನ ಸಲ ಅದೇ ಇಳಿತವನ್ನು ಬಹಳ ಕಡಿಮೆ ನೋವಿನಿಂದ ತಾಳುತ್ತದೆ. ಆ ಒಂದೇ ದಿವಸದ ಕಾವಲು ಕೆಲವು ವಾರಗಳ ವರೆಗೂ ಉಳಿಯುತ್ತದೆ. ಬಹುಕಾಲ ಕಳೆದರೆ ಮಾಸಿಹೋಗುತ್ತದೆ. ಆದಕಾರಣ ಪಯಣಕ್ಕೆ ಮೂರು ದಿವಸ ಮುಂಚೆ ಬೆಟ್ಟವನ್ನು ಇಳಿದವನು ನೋವಿನೊಂದಿಗೇ ಹೊರಡುವನು. ಬಹುಕಾಲ ಮುಂಚೆ ಇಳಿದವನಿಗೆ ಅದರ ಪ್ರಯೋಜನವು ಉಳಿದಿರುವದಿಲ್ಲ. ಎರಡು ಮೂರು ವಾರ ಮುಂಚೆ ಎಂದು ನಾವು ಹೇಳಿದ್ದಕ್ಕೆ ಇದೇ ಕಾರಣ.

೩. ಯಾವ ಬೆಟ್ಟ, ಯಾವ ಕಾಲ

ಈ ಪರೀಕ್ಷೆಗೆ ನಮ್ಮ ಸೀಮೆಯಲ್ಲಿ ತಕ್ಕ ಸ್ಥಳವೆಂದರೆ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ. ಅಲ್ಲಿಯ ಬೆಟ್ಟವು ಸಮುದ್ರಮಟ್ಟದಿಂದ ನಾಲ್ಕು ಸಾವಿರ ಅಡಿಗೂ ಮೇಲಕ್ಕಿದೆ. ಬುಡದಿಂದ ತುದಿಯಲ್ಲಿರುವ ಸಿಡಿಲು ಮಲ್ಲಿಕಾರ್ಜುನ ದೇವಸ್ಥಾನದ ವರೆಗೆ ಕಲ್ಲಿನ ಮೆಟ್ಟಿಲುಗಳುಂಟು. ಅವು ಮೂರು ಸಾವಿರಕ್ಕೂ ಮಿಕ್ಕವು. ಒಂದು ಮೆಟ್ಟಿಲನ್ನು ಅರ್ಧ ಅಡಿಯೆಂದು ಎಣಿಸಿದರೂ ಒಂದು ಸಲದ ಇಳಿತವು ಸುಮಾರು ಸಾವಿರದ ಐನೂರು ಅಡಿಯಾಗುತ್ತದೆ. ಇದು ಸಂಪಾಜೆ ಘಟ್ಟದ ಇಳಿತದಲ್ಲಿ ಅರ್ಧ. ಮೊದಲನೆಯ ಸಲಕ್ಕೆ ಅರ್ಧವೇ ಸಾಕು. ಗಟ್ಟಿಮುಟ್ಟಾದವರು ಒಂದು ವಾರ ಬಿಟ್ಟು ಬಂದು ಎರಡು ಸಲ ಏರಿ ಇಳಿಯಬಹುದು.

ಮೈಸೂರಿಗೆ ಹತ್ತಿರವಿರುವವರಿಗೆ ಚಾಮುಂಡಿ ಬೆಟ್ಟವುಂಟು. ಅದರ ಎತ್ತರ ೩,೪೮೯ ಅಡಿ. ಸುಮಾರು ಸಾವಿರ ಮೆಟ್ಟಿಲುಗಳ ದಾರಿಯು ದೊಡ್ಡ ದೇವರಾಜ ಒಡೆಯರ ಕಾಲದ್ದು (೧೬೫೯-೧೬೭೩). ಇಲ್ಲಿ ಇಳಿತವು ಕಡಿಮೆಯಾದದರಿಂದ ಎರಡು ಮೂರು ಸಲ ಏರಿ ಇಳಿಯಬೇಕು. ಈ ಎರಡು ಬೆಟ್ಟಗಳೂ ನಮ್ಮ ನೆರೆಯವರ ಪೂಜಾಸ್ಥಳಗಳಾಗಿವೆ. ಹರಕೆಗಾಗಿ ಬರಿಗಾಲಿನಲ್ಲಿ ಮೆಟ್ಟಿಲುಗಳನ್ನು ಹತ್ತುವವರು ಬಹು ಮಂದಿ. ಅವರಿಗೆ ದಾರಿ ಬಿಟ್ಟು, ಗದ್ದಲ ಮಾಡದೆ, ಕಸ ಎಸೆಯದೆ, ಮರ್ಯಾದೆಯಿಂದ ನಡೆದುಕೊಳ್ಳತಕ್ಕದ್ದು.

ಹೆಗ್ಗಡದೇವನಕೋಟೆಯ ಕಡೆಯವರು ಹತ್ತಿರದ ಕಾಡಿನಲ್ಲಿಯೇ ನಡೆದು ಅಭ್ಯಾಸ ಮಾಡೋಣವೆಂದು ಯೋಚಿಸಬಾರದು. ನಾಗರಹೊಳೆಯೂ ಬಂಡೀಪುರವೂ ಆನೆ ಹುಲಿಗಳಿರುವ ರಕ್ಷಿತ ಅರಣ್ಯಗಳು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪ್ಪಣೆಯಿಲ್ಲದೆ ಅಲ್ಲಿ ಪ್ರವೇಶಿಸುವದು ಅಪರಾಧ. ಕಾಯಿದೆಯಿಲ್ಲದಿದ್ದರೂ ಆನೆಯು ನಮ್ಮ ಅಭ್ಯಾಸಕ್ಕೆ ಕಾಯುವದಿಲ್ಲ.

ಕಾಲವನ್ನು ಕುರಿತು ಒಂದು ಮಾತು. ಹೊಗೆಸೊಪ್ಪಿನ ಕೆಲಸವೂ ಭತ್ತದ ಕೊಯ್ಲೂ ಮುಗಿದ ಜನವರಿ ಫೆಬ್ರವರಿ ತಿಂಗಳುಗಳೇ ಉತ್ತಮ. ಏಪ್ರಿಲ್ ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವದುಂಟು. ಬೆಟ್ಟದಪುರದ ದೇವಸ್ಥಾನದ ಹೆಸರಿನಲ್ಲಿಯೇ ಸಿಡಿಲು ಇರುವದನ್ನು ಮರೆಯಬಾರದು. ಮಿಂಚು ಕಂಡು ಮೂವತ್ತು ಎಣಿಸುವದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆಯೆಂದು ತಿಳಿದು ತುದಿಯನ್ನು ಬಿಟ್ಟು ಇಳಿಯಬೇಕು. ಒಂಟಿ ಮರದ ಕೆಳಗೆ ನಿಲ್ಲಬಾರದು. ಮಳೆಗಾಲದಲ್ಲಂತೂ ಘಟ್ಟದ ನಡಿಗೆಯೇ ಬೇಡ. ೨೦೧೮ರ ಆಗಸ್ಟಿನಲ್ಲಿ ಮಡಿಕೇರಿಗೂ ಸಂಪಾಜೆಗೂ ನಡುವೆ ಜೋಡುಪಾಲ ಮೊದಲಾದ ಸ್ಥಳಗಳಲ್ಲಿ ಗುಡ್ಡಗಳೇ ಕುಸಿದು ದಾರಿಯು ಮುಚ್ಚಿಹೋದದ್ದನ್ನು ಅನೇಕರು ಬಲ್ಲರು.

೪. ಆ ದಿವಸದ ಕ್ರಮ

ಬೆಟ್ಟಕ್ಕೆ ಹೋಗುವ ಮುಂಚೆ ನಾಲ್ಕೈದು ವಾರ, ವಾರಕ್ಕೆ ಮೂರು ಸಾರಿಯಾದರೂ ಸಮನೆಲದಲ್ಲಿ ಎರಡು ಗಂಟೆಯ ನಡಿಗೆಯನ್ನು ರೂಢಿ ಮಾಡಿಕೊಳ್ಳಬೇಕು. ಹೃದಯದ ರೋಗ, ರಕ್ತದ ಒತ್ತಡ, ಸಕ್ಕರೆ ಕಾಯಿಲೆ ಉಳ್ಳವರು ಮೊದಲು ವೈದ್ಯರನ್ನು ಕೇಳಬೇಕು.

ಹೊತ್ತಿನ ಲೆಕ್ಕವನ್ನು ಹಾಕುವದು ಸುಲಭ. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬ ಬೆಟ್ಟಗಾರನು ೧೮೯೨ರಲ್ಲಿ ಒಂದು ಸೂತ್ರವನ್ನು ಕೊಟ್ಟನು: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಎರಡು ಸಾವಿರ ಅಡಿಯ ಏರಿಗೆ ಇನ್ನೊಂದು ಗಂಟೆ. ಹತ್ತು ಕಿಲೋಮೀಟರು ದೂರದ ಹಳ್ಳಿಯಿಂದ ನಡೆದು ಬಂದು ಬೆಟ್ಟದಪುರದ ಬೆಟ್ಟವನ್ನು ಹತ್ತುವವನಿಗೆ ದಾರಿಗೆ ಎರಡು ಗಂಟೆ, ಏರಿಗೆ ಮುಕ್ಕಾಲು ಗಂಟೆ ಬೇಕು. ಇದು ಗಟ್ಟಿಯಾದವನು ನಿಲ್ಲದೆ ನಡೆಯುವ ಲೆಕ್ಕವಾದದರಿಂದ, ಗುಂಪಿಗೆ ಒಂದೂವರೆಪಟ್ಟು ಎಣಿಸುವದು ಕ್ಷೇಮ. ಬೆಳಿಗ್ಗೆ ಐದೂವರೆಗೆ ಹೊರಟರೆ ಒಂಭತ್ತೂವರೆ ಹೊತ್ತಿಗೆ ತುದಿಯಲ್ಲಿ ಕೂತು ಬುತ್ತಿಯನ್ನು ಬಿಚ್ಚಬಹುದು. ಬಿಸಿಲೇರುವ ಮುಂಚೆ ಇಳಿಯಬಹುದು.

ಹತ್ತುವಾಗ ಪಕ್ಕದವನ ಸಂಗಡ ಮಾತಾಡಲಾಗುವಷ್ಟು ನಿಧಾನವಾಗಿ ಹತ್ತಬೇಕು. ಮಾತು ಕಟ್ಟಿದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ಗಂಟೆಗೊಂದು ಸಾರಿ ಹತ್ತು ನಿಮಿಷ ಕೂರಬೇಕು. ಇಳಿಯುವಾಗ ಹೆಜ್ಜೆಗಳನ್ನು ಚಿಕ್ಕದಾಗಿ ಇಡಬೇಕು. ಮೊಣಕಾಲನ್ನು ನೆಟ್ಟಗೆ ಸೆಟೆಯದೆ ತುಸು ಬಾಗಿಸಿರಬೇಕು. ಕೈಯಲ್ಲಿ ಊರುಗೋಲು ಇದ್ದರೆ ಮೊಣಕಾಲಿನ ಭಾರವು ಕಡಿಮೆಯಾಗುತ್ತದೆ. ಎರಡೆರಡು ಮೆಟ್ಟಿಲು ಹಾರಿ ಓಡುವ ಹುಡುಗರನ್ನು ತಡೆಯತಕ್ಕದ್ದು.

ಮುಖ್ಯವಾಗಿ, ಪಯಣದಲ್ಲಿ ಏನನ್ನು ಹೊರುವಿರೋ ಅದನ್ನೇ ಆ ದಿವಸ ಹೊರಬೇಕು. ಯಾವದನ್ನು ಮೆಟ್ಟಿ ನಡೆಯುವಿರೋ ಅದನ್ನೇ ಮೆಟ್ಟಬೇಕು. ಗಂಟಿನ ಭಾರವು ದೇಹದ ತೂಕದಲ್ಲಿ ಹತ್ತರಲ್ಲೊಂದು ಪಾಲಿಗೆ ಮೀರದಿರಲಿ. ಸಾಯಂಕಾಲ ಗಂಟನ್ನು ಬಿಚ್ಚಿ, ಆ ದಿವಸ ಕೈಗೆ ತೆಗೆದುಕೊಳ್ಳದ ಸಾಮಾನುಗಳನ್ನು ಬೇರೆಯಾಗಿ ಇಟ್ಟು ನೋಡಿದರೆ, ಮನೆಯಲ್ಲಿ ಬಿಡತಕ್ಕದ್ದು ಯಾವದೆಂದು ತಿಳಿಯುತ್ತದೆ.

೫. ಪಾದ, ನೀರು, ಬುತ್ತಿ

ದೂರದ ನಡಿಗೆಯನ್ನು ಅರ್ಧಕ್ಕೆ ನಿಲ್ಲಿಸುವ ಶತ್ರುವು ಬಹು ಸಾರಿ ಅಂಗಾಲಿನ ನೀರುಗುಳ್ಳೆಯೇ. ಶಾಖ, ಬೆವರು, ಉಜ್ಜುವಿಕೆ ಈ ಮೂರೂ ಕೂಡಿದಲ್ಲಿ ಅದು ಏಳುತ್ತದೆ. ಹೊಸ ಷೂ ಅಥವಾ ಚಪ್ಪಲಿಯನ್ನು ಪಯಣದ ದಿವಸ ಮೆಟ್ಟಬಾರದು. ಕಾಲುಚೀಲ ಹಾಕುವವರು ಒದ್ದೆಯಾದದ್ದನ್ನು ಮಧ್ಯಾಹ್ನದಲ್ಲಿ ಬದಲಾಯಿಸಬೇಕು. ಅಂಗಾಲಿನಲ್ಲಿ ಎಲ್ಲಿಯಾದರೂ ಬಿಸಿಯೆನಿಸಿದ ಕೂಡಲೇ ಕೂತು ಅಲ್ಲಿ ಅಂಟುಪಟ್ಟಿಯನ್ನು ಹಚ್ಚಬೇಕು; “ಮುಂದಿನ ಊರಿನಲ್ಲಿ ನೋಡೋಣ” ಅನ್ನುವವನಿಗೆ ಮುಂದಿನ ಊರಿನಲ್ಲಿ ಗುಳ್ಳೆ ಎದ್ದಿರುತ್ತದೆ. ಎದ್ದ ಗುಳ್ಳೆಯ ಚರ್ಮವನ್ನು ಕಿತ್ತುಹಾಕದೆ ಶುದ್ಧವಾಗಿ ತೊಳೆದು ಮುಚ್ಚಬೇಕು. ಸಕ್ಕರೆ ಕಾಯಿಲೆಯವರ ಪಾದಕ್ಕೆ ನೋವು ತಿಳಿಯದೆ ಇರಬಹುದಾದದರಿಂದ ಅವರು ಪ್ರತಿ ಸಾಯಂಕಾಲ ಅಂಗಾಲನ್ನು ಕಣ್ಣಿನಿಂದಲೇ ನೋಡಿಕೊಳ್ಳಬೇಕು.

ನೀರನ್ನು ಒಂದೇ ಸಲ ಹೊಟ್ಟೆ ತುಂಬಾ ಕುಡಿಯದೆ ಆಗಾಗ್ಗೆ ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ಬಹಳ ಬೆವರಿ ಸೊರಗಿದವನಿಗೆ, ಒಂದು ಲೀಟರು ಶುದ್ಧವಾದ ನೀರಿನಲ್ಲಿ ಸಮತಟ್ಟಾದ ಆರು ಟೀ ಚಮಚ ಸಕ್ಕರೆಯನ್ನೂ ಅರ್ಧ ಟೀ ಚಮಚ ಉಪ್ಪನ್ನೂ ಕರಗಿಸಿ ಕೊಡಬಹುದು. ಬುತ್ತಿಗೆ ನಮ್ಮ ಸೀಮೆಯ ರಾಗಿ ರೊಟ್ಟಿ, ಬೆಲ್ಲ ಬೆರೆಸಿದ ಹುರಿಹಿಟ್ಟು, ಕಡಲೆಕಾಯಿ ಇವುಗಳಿಗಿಂತ ಉತ್ತಮವಾದದ್ದನ್ನು ಪಟ್ಟಣದ ಅಂಗಡಿಯಲ್ಲಿ ಹುಡುಕಬೇಕಾಗಿಲ್ಲ. ಬೆಟ್ಟ ಇಳಿದ ಮರುದಿವಸಗಳಲ್ಲಿ ತೊಡೆಯು ನೋಯುವದು ಸಹಜ. ಮೆಲ್ಲಗೆ ಓಡಾಡುತ್ತಿದ್ದರೆ ಸಾಕು. ಆದರೆ ನೋವು ವಿಪರೀತವಾಗಿ ಮೂತ್ರವು ಚಹದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹತ್ತುವಾಗ ಎದೆನೋವು ಬಂದರೆ ಅಲ್ಲಿಯೇ ನಿಲ್ಲಬೇಕು; ನಾಚಿಕೆಪಡುವ ಸಮಯ ಅದಲ್ಲ.

೬. ಹಿಂದುಳಿದವನ ವಿಷಯ

ಈ ವರೆಗೆ ಹೇಳಿದ್ದು ಕಾಲಿನ ಪರೀಕ್ಷೆ. ಬೆಟ್ಟದ ದಿವಸವು ಗುಂಪಿನ ಮನಸ್ಸನ್ನೂ ಪರೀಕ್ಷಿಸುತ್ತದೆ. ಹನ್ನೆರಡು ಮಂದಿ ಒಟ್ಟಾಗಿ ಹೊರಟರೆ, ಅರ್ಧ ಬೆಟ್ಟದಲ್ಲಿ ಇಬ್ಬರು ಮೂವರು ಹಿಂದುಳಿಯುವರು. ಮುಂದಿನವರು ಒಂದು ಬಂಡೆಯ ಮೇಲೆ ಕೂತು ಅವರಿಗಾಗಿ ಕಾಯುವರು. ಅವರು ಏದುತ್ತಾ ಬಂದು ಮುಟ್ಟಿದ ಕೂಡಲೇ “ನಡೆಯಿರಿ, ಹೊತ್ತಾಯಿತು” ಎಂದು ಏಳುವರು. ಹೀಗೆ ವಿಶ್ರಾಂತಿಯು ಬೇಕಿಲ್ಲದವರಿಗೆ ದೊರೆತು, ಬೇಕಾದವರಿಗೆ ದೊರೆಯದೆ ಹೋಗುತ್ತದೆ. ಇದು ಕಲ್ಲುಮನಸ್ಸಿನಿಂದ ನಡೆಯುವದಲ್ಲ, ಯೋಚನೆಯಿಲ್ಲದೆ ನಡೆಯುವದು; ಆದರೆ ಹಿಂದುಳಿದವನಿಗೆ ಎರಡರ ಫಲವೂ ಒಂದೇ.

ಆದಕಾರಣ ಎಲ್ಲರಿಗಿಂತ ನಿಧಾನವಾಗಿ ನಡೆಯುವವನನ್ನು ಮುಂದೆ ಬಿಟ್ಟು, ಬಲವಾದವನೊಬ್ಬನು ಕಡೆಯಲ್ಲಿ ಬರಬೇಕು. ಕಡೆಯವನು ಬಂದು ಉಸಿರು ತಂದುಕೊಂಡ ಮೇಲೆಯೇ ಹತ್ತು ನಿಮಿಷಗಳನ್ನು ಎಣಿಸಲು ಮೊದಲುಮಾಡಬೇಕು. ನೋವುಳ್ಳವನು ನಾಚಿಕೆಯಿಂದ ಮರೆಮಾಡುವದುಂಟು. ಹೆಂಗಸರು ಹೇಳಿಕೊಳ್ಳಲು ಇನ್ನೂ ಹಿಂಜರಿಯುವರು. ಗುಂಪಿನ ಮುಖ್ಯಸ್ಥನು ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೇಳಿ ತಿಳಿದುಕೊಳ್ಳಬೇಕು. ಹೆಂಗಸರನ್ನು ಕೇಳುವದಕ್ಕೆ ಹಿರಿಯ ಹೆಂಗಸೊಬ್ಬಳನ್ನು ನೇಮಿಸಬೇಕು.

ಈ ಸಾರಿ ಪಯಣಕ್ಕೆ ಬರಲು ಶಕ್ತಿಯಿಲ್ಲವೆಂದು ಯಾರಿಗಾದರೂ ಆ ದಿವಸ ತೋರಿದರೆ, ಅದನ್ನು ಸೋಲೆಂದು ಎಣಿಸಬಾರದು. ಅದನ್ನು ತಿಳಿಯುವದಕ್ಕಾಗಿಯೇ ಬೆಟ್ಟಕ್ಕೆ ಹೋದದ್ದು. ಬೆಟ್ಟದಪುರದ ಬುಡದಲ್ಲಿ ತಿಳಿದರೆ ಸಾಯಂಕಾಲದ ಬಸ್ಸು ಹತ್ತಿ ಮನೆ ಸೇರಬಹುದು; ಘಟ್ಟದ ನಡುವೆ, ಕತ್ತಲೆಯಲ್ಲಿ ತಿಳಿದರೆ ಅವನೊಬ್ಬನೇ ಅಲ್ಲ, ಗುಂಪೆಲ್ಲವೂ ಸಂಕಟಕ್ಕೆ ಗುರಿಯಾಗುವದು. ಅಂಥವನಿಗೆ ಮುಂದಿನ ಊರಿನಲ್ಲಿ ಅಡಿಗೆಯ ಕೆಲಸವನ್ನೋ ಸಾಮಾನಿನ ಗಾಡಿಯ ಮೇಲ್ವಿಚಾರಣೆಯನ್ನೋ ಒಪ್ಪಿಸಬಹುದು. ನಡೆಯುವವರಿಗೆ ಅವನಿಂದ ಆಗುವ ಉಪಕಾರವು ಕಡಿಮೆಯಾದದ್ದಲ್ಲ.

೭. ದಿವಸಕ್ಕೆ ಎಷ್ಟು ದೂರ?

ದೊಡ್ಡ ನಡಿಗೆಗಳನ್ನು ಮಾಡಿದವರು ಒಂದೇ ದಿವಸದಲ್ಲಿ ಬಹುದೂರ ಹೋದವರಲ್ಲ. ಗಾಂಧೀಜಿಯವರು ೧೯೩೦ರ ಮಾರ್ಚಿ ೧೨ರಂದು ಸಾಬರಮತಿಯಿಂದ ಹೊರಟು ದಂಡಿಯ ವರೆಗೆ ೨೪೧ ಮೈಲು ನಡೆದದ್ದು ೨೪ ದಿವಸಗಳಲ್ಲಿ. ಅಂದರೆ ದಿವಸಕ್ಕೆ ಹತ್ತು ಮೈಲು ಮಾತ್ರ, ಸೋಮವಾರ ವಿಶ್ರಾಂತಿ. ಆಗ ಅವರಿಗೆ ಅರುವತ್ತು ವರುಷ ತುಂಬಿತ್ತು. ಅವರ ಸಂಗಡ ನಡೆದವರಲ್ಲಿ ನಮ್ಮ ಕನ್ನಡನಾಡಿನ ಮೋಟೆಬೆನ್ನೂರಿನ ಯುವಕ ಮೈಲಾರ ಮಹಾದೇವಪ್ಪನವರೂ ಇದ್ದರು. ವಿನೋಬಾ ಭಾವೆಯವರು ೧೯೫೧ರಲ್ಲಿ ಭೂದಾನದ ನಡಿಗೆಯನ್ನು ಮೊದಲುಮಾಡಿ ವರುಷಗಟ್ಟಲೆ ದೇಶವನ್ನು ಸುತ್ತಿದರು. ೧೯೫೭ರ ಸೆಪ್ಟೆಂಬರಿನಲ್ಲಿ ಮೈಸೂರು ಹುಣಸೂರು ರಸ್ತೆಯ ಯಲವಾಲದಲ್ಲಿಯೇ ಗ್ರಾಮದಾನದ ಸಮ್ಮೇಳನವು ನಡೆಯಿತು. ಅವರೂ ಬೆಳಗಿನ ಜಾವ ಹೊರಟು, ಬಿಸಿಲೇರುವದರೊಳಗೆ ಮುಂದಿನ ಊರನ್ನು ಸೇರುವ ಪದ್ಧತಿಯನ್ನು ಇಟ್ಟುಕೊಂಡಿದ್ದರು. ನಾವೂ ಮೊದಲ ದಿವಸಗಳಲ್ಲಿ ಹದಿನೈದು ಇಪ್ಪತ್ತು ಕಿಲೋಮೀಟರಿಗೆ ಮೀರದೆ, ಹೆದ್ದಾರಿಯಲ್ಲಿ ಎದುರಿನ ವಾಹನವು ಕಾಣುವಂತೆ ಬಲಗಡೆಯಲ್ಲಿ ಒಬ್ಬರ ಹಿಂದೆ ಒಬ್ಬರಾಗಿ, ಬಿಳಿಯ ಬಟ್ಟೆಯನ್ನು ಉಟ್ಟು ನಡೆಯುವದು ಕ್ಷೇಮ. ರಾತ್ರಿಯಲ್ಲಿ ಹೆದ್ದಾರಿಯ ನಡಿಗೆಯನ್ನು ಬಿಡತಕ್ಕದ್ದು.

ಕಾಲು ಗಟ್ಟಿಯಾದವನು ಮೊದಲು ಮುಟ್ಟುವನು. ಆದರೆ ಹೊರಟವರೆಲ್ಲರೂ ಕ್ಷೇಮವಾಗಿ ಮುಟ್ಟಿದಾಗಲೇ ಪಯಣವು ಮುಗಿಯಿತೆಂದು ಹೇಳಬಹುದು. ಆ ಕ್ಷೇಮಕ್ಕಾಗಿ ಬೆಟ್ಟದಲ್ಲಿ ಕಳೆಯುವ ಒಂದು ದಿವಸವು ವ್ಯರ್ಥವಾದ ದಿವಸವಲ್ಲ.

ಪಾಠದ ಪ್ರಶ್ನೆಗಳು

೧. ಹೊಲದಲ್ಲಿ ದುಡಿದ ಕಾಲಿಗೂ ಬೆಟ್ಟದ ಅಭ್ಯಾಸವು ಏಕೆ ಬೇಕು?
೨. ಹತ್ತುವದಕ್ಕಿಂತ ಇಳಿಯುವದರಿಂದ ತೊಡೆಗೆ ಹೆಚ್ಚು ಪೆಟ್ಟಾಗುವದು ಹೇಗೆ? ಕೊಡದ ದೃಷ್ಟಾಂತದಿಂದ ವಿವರಿಸಿರಿ.
೩. ಬೆಟ್ಟದ ದಿವಸವು ಪಯಣಕ್ಕೆ ಎರಡು ಮೂರು ವಾರ ಮುಂಚೆಯೇ ಇರಬೇಕೆಂಬದಕ್ಕೆ ಕಾರಣವೇನು?
೪. ನಿಮ್ಮ ಊರಿನಿಂದ ಬೆಟ್ಟದಪುರಕ್ಕಾಗಲಿ ಚಾಮುಂಡಿ ಬೆಟ್ಟಕ್ಕಾಗಲಿ ಎಷ್ಟು ದೂರ? ಹೋಗಿ ಬರಲು ಎಷ್ಟು ಹೊತ್ತು ಬೇಕೆಂದು ಲೆಕ್ಕಹಾಕಿರಿ.
೫. ನಿಮ್ಮ ಗುಂಪಿನಲ್ಲಿ ಹಿಂದುಳಿಯುವವರು ಯಾರು? ಅವರಿಗಾಗಿ ನೀವು ಯಾವ ಏರ್ಪಾಡನ್ನು ಮಾಡುವಿರಿ?